‘ಸ್ಟೀಲ್ ಅಲ್ಲ ಸಾರ್, ಸ್ಟೀಲ್ ತರಹ’: ಹಳೆಯ ಕಾರಿಗೆ ಆಯಿಲ್ ಪೈಪ್ ಹಾಕಿಸುವವರು ಎಚ್ಚರ

ಹಳೆಯ ಅಂಬಾಸಿಡರನ್ನೋ ಜೀಪನ್ನೋ ಇನ್ನೂ ಶೆಡ್ಡಿನಲ್ಲಿ ಸಾಕಿಕೊಂಡಿರುವ ಕೊಡಗಿನವರು ದಯವಿಟ್ಟು ಇದನ್ನು ಓದಿ. ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಪ್ರೆಷರ್ ಗೇಜಿಗೆ ಹೋಗುವ, ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ಪೈಪಿಗೆ ನಾನು 4,800 ರೂಪಾಯಿ ಕೊಟ್ಟೆ. ಹಣ ಹೋಗಲಿ. ಮದುವೆಗೆ ಹೊರಟಿದ್ದ ಅತ್ತೆಯ ರೇಷ್ಮೆ ಸೀರೆಯ ಮೇಲೆ ಎಂಜಿನ್ ಆಯಿಲ್ ಸುರಿಯಿತಲ್ಲ, ಅದನ್ನು ಎಲ್ಲಿ ಹೇಳಿಕೊಳ್ಳಲಿ?

ಕಾರು 1968ರ ಅಂಬಾಸಿಡರ್ ಮಾರ್ಕ್ 2, ಅಪ್ಪನದು. ಗೇಜ್ ಕೂಡ ಅಪ್ಪನೇ ಮೈಸೂರಿನಿಂದ ತಂದು ಹಾಕಿಸಿದ್ದು, ಮೆಕ್ಯಾನಿಕಲ್. ಅದರಲ್ಲಿ ವೈರಿನ ಕೆಲಸವಿಲ್ಲ. ಎಂಜಿನ್ನಿನ ಎಣ್ಣೆಯೇ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬಂದು ಮುಳ್ಳನ್ನು ತಳ್ಳುತ್ತದೆ. ಪೈಪು ತಾಮ್ರದ್ದು. ಎಂಜಿನ್ ಅದುರುತ್ತಲೇ ಇರುತ್ತದೆ, ಬಾಡಿ ಅದರ ಜೊತೆ ಅದುರುವುದಿಲ್ಲ. ನಡುವೆ ಸಿಕ್ಕಿಕೊಂಡ ತಾಮ್ರ ವರ್ಷಗಟ್ಟಲೆ ಬಾಗಿ ಬಾಗಿ ಗಡುಸಾಗಿ ಒಂದು ದಿನ ಬಿರುಕು ಬಿಡುತ್ತದೆ. ನನ್ನದು ಇನ್ನೂ ಬಿಟ್ಟಿರಲಿಲ್ಲ. ಬಿಡುವ ಮೊದಲೇ ಬದಲಿಸಿಬಿಡೋಣ ಎಂಬ ಬುದ್ಧಿವಂತಿಕೆ ನನ್ನದು.

ವರ್ಕ್‌ಶಾಪಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಮೆಕ್ಯಾನಿಕ್ ಹೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ: “ತಾಮ್ರ ಬಿಸಾಡಿ ಸಾರ್. ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ಹೆಣಿಗೆ, ಅಂತಹ ಹೋಸ್ ಹಾಕಿಕೊಡುತ್ತೇನೆ. ರೇಸ್ ಕಾರಿಗೆ ಹಾಕುವುದು.” ರೇಸ್ ಕಾರು ಎಂದ ಕೂಡಲೇ ನಾನು ಬಿದ್ದೆ. ಐವತ್ತೆಂಟು ವಯಸ್ಸಿನ ನಾನು, ಗಂಟೆಗೆ ಅರವತ್ತು ಕಿಲೋಮೀಟರ್ ದಾಟದ ನಾನು. ಸಂಜೆ ಬಾನೆಟ್ ಎತ್ತಿ ತೋರಿಸಿದ. ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಿಲ್ಲು ಕೇಳಿದರೆ ಒಂದು ಚೀಟಿಯಲ್ಲಿ ‘ಪೈಪ್ ಕೆಲಸ’ ಎಂದು ಗೀಚಿ ಕೊಟ್ಟ. ಹಳೆಯ ಪೈಪ್ ಎಲ್ಲಿ ಎಂದೆ. “ಗುಜರಿಗೆ ಹೋಯಿತು ಸಾರ್.” ಒಂದೇ ಮಧ್ಯಾಹ್ನದಲ್ಲಿ! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹನ್ನೆರಡನೇ ದಿನ ವಿರಾಜಪೇಟೆಯಲ್ಲಿ ಮದುವೆ. ಮಡಿಕೇರಿಯಿಂದ ಮೇಕೇರಿ ಇಳಿದು ಮೂರ್ನಾಡು ದಾಟಿದೆವು. ಬೇತ್ರಿ ಸೇತುವೆ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಐವತ್ತರ ಆಸುಪಾಸಿನಲ್ಲಿ ಕೂತಿದ್ದ ಗೇಜಿನ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ಅದೇ ಗಳಿಗೆಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎಣ್ಣೆ ಚಿಮ್ಮಿ ನನ್ನ ಷೂ ಮೇಲೆ, ಪಕ್ಕದಲ್ಲಿ ಕೂತಿದ್ದ ಅತ್ತೆಯ ಮಡಿಲಿಗೆ. ಎಂಜಿನ್ ಆಫ್ ಮಾಡಿ ಕಾರನ್ನು ಬದಿಗೆ ಉರುಳಿಸಿದೆ. ಇನ್ನೆರಡು ನಿಮಿಷ ಓಡಿಸಿದ್ದರೆ ಪಂಪ್ ಎಂಜಿನ್ ತಳದ ಸಂಪಿನಲ್ಲಿದ್ದ ಎಣ್ಣೆಯನ್ನೆಲ್ಲ ಹೊರಗೆ ಹಾಕಿ ಬೇರಿಂಗ್ ಹೋಗುತ್ತಿತ್ತು. ಅತ್ತೆಗೆ ಸುಟ್ಟಗಾಯವಾಗಲಿಲ್ಲ, ಅದೊಂದು ಪುಣ್ಯ. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಾಫಿ ಮೂಟೆ ಸಾಗಿಸುವ ಪಿಕಪ್ಪಿನಲ್ಲಿ ಮದುವೆ ಮನೆ ತಲುಪಿದಾಗ ಊಟದ ಎರಡನೇ ಪಂಕ್ತಿ ಏಳುತ್ತಿತ್ತು.

ಮರುದಿನ ಗೋಣಿಕೊಪ್ಪದ ಹಿರಿಯ ಮೆಕ್ಯಾನಿಕ್ ಒಬ್ಬರು ಹೋಸನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, “ಬೆಂಕಿಕಡ್ಡಿ ಗೀರಿ ಹಿಡಿಯಿರಿ” ಎಂದರು. ಹಿಡಿದೆ. ಸ್ಟೀಲ್ ಹೆಣಿಗೆ ಕರಗಿತು. ಕರಗಿ, ಸುರುಟಿ, ಪ್ಲಾಸ್ಟಿಕ್ ವಾಸನೆ ಬಂತು. ಒಳಗೆ ಪೆಟ್ರೋಲಿಗೆ ಹಾಕುವ ಮಾಮೂಲಿ ಕಪ್ಪು ರಬ್ಬರ್ ಪೈಪು. ತುದಿಯನ್ನು ಯಂತ್ರದಲ್ಲಿ ಒತ್ತಿ ಕೂರಿಸಿರಲಿಲ್ಲ. ಒಂದು ಹೋಸ್ ಕ್ಲಿಪ್ ಬಿಗಿದು ಅದು ಕಾಣದಂತೆ ಮೇಲೆ ಕಪ್ಪು ಕವಚ ಎಳೆದಿದ್ದರು. ಕಡ್ಡಿ ಬೆರಳು ಸುಡುವವರೆಗೂ ನಾನು ಅದನ್ನೇ ನೋಡುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗನೊಬ್ಬ ನಕ್ಕ.

ಎಂಜಿನ್ ಕಡೆಯದು ಇನ್ನೂ ಚೆಂದ. ನನ್ನ ಕಾರಿನ ಹಿತ್ತಾಳೆ ಯೂನಿಯನ್, ಎಂದರೆ ಪೈಪನ್ನು ಎಂಜಿನ್ನಿಗೆ ಕೂಡಿಸುವ ತುಂಡು, ಎಂಟನೇ ಒಂದು ಇಂಚಿನ ಬಿಎಸ್‌ಪಿ, ಬ್ರಿಟಿಷರ ಅಳತೆ, ಇಂಚಿಗೆ 28 ಥ್ರೆಡ್. ಆತ ತಿರುಗಿಸಿ ಕೂರಿಸಿದ್ದು ಅಮೆರಿಕದ ಎನ್‌ಪಿಟಿ, ಇಂಚಿಗೆ 27. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಎಂದು ನಂಬುತ್ತೇವೆ. ನಿಜದಲ್ಲಿ ಥ್ರೆಡ್ ಸವೆಯುತ್ತಿರುತ್ತದೆ. ಮೇಲಿನಿಂದ ಬಿಳಿ ಟೇಪು ಸುತ್ತಿದ್ದ, ಪ್ಲಂಬರ್ ನಲ್ಲಿಗೆ ಸುತ್ತುವಂತೆ. ಆ ಯೂನಿಯನ್ನೂ ಹೋಯಿತು.

ವರ್ಕ್‌ಶಾಪಿನವನಿಗೆ ಫೋನ್ ಮಾಡಿದೆ. ಮೊದಲು, “ಹಳೆಯ ಗಾಡಿ ಸಾರ್, ಒಂದು ಸರಿಮಾಡಿದರೆ ಇನ್ನೊಂದು ಹೋಗುತ್ತದೆ.” ಆಮೇಲೆ, “ನಿಮ್ಮ ಎಂಜಿನ್ನಿನಲ್ಲಿ ಪ್ರೆಷರ್ ಜಾಸ್ತಿ.” ಕರಗಿದ ಹೆಣಿಗೆಯ ಫೋಟೋ ಕಳಿಸಿದೆ. ಅದಕ್ಕೆ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: “ನಾನು ಸ್ಟೀಲ್ ಎಂದು ಎಲ್ಲಿ ಹೇಳಿದೆ ಸಾರ್? ಸ್ಟೀಲ್ ತರಹ ಎಂದೆ.” ಹಣ ವಾಪಸ್ ಕೊಡಿ ಎಂದೆ. “ಕಾಫಿಗೆ ಈಗ ಒಳ್ಳೆಯ ರೇಟು ಇದೆಯಲ್ಲ ಸಾರ್, ಇಷ್ಟಕ್ಕೆಲ್ಲ ಯಾಕೆ?” ಆ ಮಾತಿಗೆ ಮೈಯೆಲ್ಲ ಉರಿಯಿತು. ಕಾಫಿಗೆ ರೇಟು ಇದ್ದರೆ ನನ್ನ ಕಾರಿಗೆ ಪ್ಲಾಸ್ಟಿಕ್ ಹಾಕಬಹುದೇ? ಈಗ ಫೋನ್ ಎತ್ತುವುದಿಲ್ಲ. ಮೆಸೇಜು ಓದಿದ ನೀಲಿ ಗುರುತು ಮಾತ್ರ ಬರುತ್ತದೆ.

ಹಾಕಿಸುವ ಮೊದಲು ಹೋಸಿನ ತುದಿಗೆ ನೀವೇ ಬೆಂಕಿಕಡ್ಡಿ ಹಿಡಿಯಿರಿ. ಬೇಡ ಎಂದರೆ ಎದ್ದು ಬನ್ನಿ. ಹಳೆಯ ಯೂನಿಯನ್ ತೋರಿಸಿ ಅದೇ ಥ್ರೆಡ್ ಕೇಳಿ, ಕ್ಲಿಪ್ ಕಂಡರೆ ಒಪ್ಪಬೇಡಿ, ಹಳೆಯ ಪೈಪನ್ನು ಮನೆಗೆ ತನ್ನಿ. ಎಂಜಿನ್ ಕಡೆಯ ತೂತನ್ನು ಮುಚ್ಚಲು ಒಂದು ಹಿತ್ತಾಳೆ ಡಮ್ಮಿ ಪ್ಲಗ್ ಮತ್ತು ಒಂದು ಕ್ಯಾನ್ ಎಣ್ಣೆ ಡಿಕ್ಕಿಯಲ್ಲಿರಲಿ. ಅವೆರಡು ಇದ್ದಿದ್ದರೆ ನಾನು ಅಂದು ಪಿಕಪ್ ಹತ್ತಬೇಕಾಗಿರಲಿಲ್ಲ.

ಈಗ ಮತ್ತೆ ತಾಮ್ರವನ್ನೇ ಹಾಕಿಸಿದ್ದೇನೆ, ಎಂಜಿನ್ ಹತ್ತಿರ ಎರಡು ಸುತ್ತು ಸುರುಳಿ ಬಿಟ್ಟು, ಅದುರಿದರೂ ಎಳೆಯದಂತೆ. ಖರ್ಚು ಆತನಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ. ಅತ್ತೆ ಮಾತ್ರ ಮೊನ್ನೆ ಕುಶಾಲನಗರಕ್ಕೆ ಬಸ್ಸಿನಲ್ಲಿ ಹೋದರು.