ರಾತ್ರಿ ಹಾವಿನ ಫೋಟೊ: ಟಾರ್ಚೋ, ಫ್ಲ್ಯಾಶೋ?

ರಾತ್ರಿ ಹಾವಿನ ಫೋಟೊ ತೆಗೆಯುವುದಕ್ಕೆ ನಾನು ಮೂರು ಥರದ ಬೆಳಕು ಬಳಸಿ ನೋಡಿದ್ದೇನೆ. ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್, ಎಲ್‌ಇಡಿ ಟಾರ್ಚ್, ಡಿಫ್ಯೂಸರ್ (ಬೆಳಕನ್ನು ಹರಡಿ ಮೆದುವಾಗಿಸುವ ಪರದೆ) ಹಾಕಿದ ದೊಡ್ಡ ಫ್ಲ್ಯಾಶ್. ಲೆನ್ಸ್ ಮಾತ್ರ ಒಂದೇ, ತೀರಾ ಹತ್ತಿರದಿಂದ ತೆಗೆಯಲು ಬಳಸುವ 100 ಎಂಎಂ ಮ್ಯಾಕ್ರೋ.

ಪುಟ್ಟ ಫ್ಲ್ಯಾಶ್ ಒಂದೇ ರಾತ್ರಿಗೆ ಸಾಕಾಯಿತು. ಹತ್ತಿರ ಹೋದರೆ ಲೆನ್ಸಿನ ನೆರಳೇ ಹಾವಿನ ಮೇಲೆ. ದೂರ ನಿಂತರೆ ಹುರುಪೆಗಳ ಮೇಲೆಲ್ಲ ಸುಣ್ಣ ಚಿಮುಕಿಸಿದಂಥ ಬಿಳಿ ಚುಕ್ಕೆ.

ಟಾರ್ಚ್ ಹಾಗಲ್ಲ. ನೆರಳು ಎಲ್ಲಿ ಬೀಳುತ್ತದೆ ಅಂತ ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ, ಫೋಕಸ್ ಕೂಡ ಸುಲಭ. ಆದರೆ ಬೆಳಕು ಸಾಲದು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, 3200 ಇಟ್ಟರೂ ನನ್ನ ಶಟರ್ 1/60 ಸೆಕೆಂಡಿಗಿಂತ ಚುರುಕಾಗಲಿಲ್ಲ, ಹಾವು ನಾಲಗೆ ಚಾಚಿದಾಗೆಲ್ಲ ಬರೀ ಮಸುಕು. ಅದಕ್ಕಿಂತ ಬೇಸರ ತಂದದ್ದು ಕಣ್ಣು. ಬೆಕ್ಕಿನಂಥ ಕಣ್ಣಿರುವ ಹಾವುಗಳ ಪಾಪೆ ಕತ್ತಲಲ್ಲಿ ಅಗಲವಾಗಿ ಅರಳಿರುತ್ತದೆ. ಟಾರ್ಚ್ ಹಿಡಿದಿದ್ದೇ ತಡ, ಗೆರೆಯಷ್ಟಾಗುತ್ತದೆ. ರಾತ್ರಿಯ ಹಾವಿಗೆ ಹಗಲಿನ ಕಣ್ಣು!

ದೊಡ್ಡ ಫ್ಲ್ಯಾಶ್ ಗೆಲ್ಲುವುದು ಇಲ್ಲೇ. ಪಾಪೆ ಕಿರಿದಾಗುವಷ್ಟರಲ್ಲಿ ಬೆಳಕು ಬಂದು ಹೋಗಿರುತ್ತದೆ. ಫೋಕಸ್‌ಗೆ ಮಾತ್ರ ಹೆಡ್‌ಲ್ಯಾಂಪನ್ನು ಮಂದವಾಗಿ ಇಟ್ಟುಕೊಂಡರೆ ಆಯಿತು. ನನ್ನ ಸೆಟ್ಟಿಂಗ್: ಲೆನ್ಸಿನ ಕಿಂಡಿ ಎಫ್/11, ಶಟರ್ 1/200 ಸೆಕೆಂಡ್, ಐಎಸ್‌ಒ 400, ಫ್ಲ್ಯಾಶ್ ಶಕ್ತಿ ಪೂರ್ಣದ 1/16. ಶಕ್ತಿ ಇಳಿಸಿದಷ್ಟೂ ಮಿಂಚು ಚುಟುಕಾಗುತ್ತದೆ, ಹಾಗಾಗಿ ನಾಲಗೆಯ ಎರಡೂ ತುದಿ ಸ್ಪಷ್ಟ. ಡಿಫ್ಯೂಸರ್ ಅಗಲವಾಗಿದ್ದು ಹಾವಿಗೆ ಹತ್ತಿರವಿದ್ದರೆ ಹುರುಪೆಯ ಬಣ್ಣ ಉಳಿಯುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಅಷ್ಟೆ. ಹಾಗಾಗಿ ಡಿಫ್ಯೂಸರಿನ ಆಕಾರ ಅದರಲ್ಲಿ ಹಾಗೇ ಮೂಡುತ್ತದೆ. ನನ್ನದು ಚೌಕ, ನನ್ನ ಎಲ್ಲಾ ಹಾವುಗಳ ಕಣ್ಣಲ್ಲೂ ಒಂದು ಕಿಟಕಿ!

ತೊಂದರೆ ಇಲ್ಲವೆಂದಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹಿಂದೆ ಎಲ್ಲಾ ಕಪ್ಪು. ಕೆಲವರಿಗೆ ಅದೇ ಇಷ್ಟ, ನನಗೆ ಸ್ಟುಡಿಯೋದಲ್ಲಿ ತೆಗೆದ ಹಾಗೆ ಕಾಣುತ್ತದೆ. ಈಗ ಹಾವಿನ ಹಿಂದೆಯೇ ಒಂದು ಎಲೆಯೋ ಕಾಂಡವೋ ಬರುವ ಕಡೆಯಿಂದ ತೆಗೆಯುತ್ತೇನೆ. ಹಾಗಂತ ಹಾವನ್ನು ಕೋಲಿನಿಂದ ಸರಿಸುವುದಿಲ್ಲ.

ವಿಷದ ಹಾವಾದರೆ ಲೆಕ್ಕ ತಿರುಗುತ್ತದೆ. ಈ ಲೆನ್ಸಿನಲ್ಲಿ ಪೂರ್ತಿ ಮ್ಯಾಕ್ರೋ ಬೇಕೆಂದರೆ ಲೆನ್ಸಿನ ತುದಿ ಹಾವಿಗೆ ಗೇಣಿಗಿಂತಲೂ ಹತ್ತಿರ ಬರಬೇಕು. ಅದು ಹುಚ್ಚುತನ. ಎರಡು ಮೀಟರ್ ಹಿಂದೆ ಸರಿದರೆ ಡಿಫ್ಯೂಸರ್ ಇದ್ದೂ ಇಲ್ಲದ ಹಾಗೆ, ಮತ್ತೆ ಅದೇ ಸುಣ್ಣದ ಚುಕ್ಕೆ.

ಬೇಟೆಗೆ ಹೊಂಚು ಹಾಕಿ ಸುರುಳಿ ಸುತ್ತಿ ಕೂತ ವೈಪರ್ (ಮಂಡಲದ ಹಾವಿನ ಬಳಗದ ವಿಷದ ಹಾವು) ಗಂಟೆಗಟ್ಟಲೆ ಕದಲುವುದಿಲ್ಲ, ಅಲ್ವಾ? ಟ್ರೈಪಾಡ್ ಹಾಕಿ, ಟಾರ್ಚನ್ನು ತೀರಾ ಮಂದ ಮಾಡಿ, ಗೆಳೆಯನ ಕೈಲಿ ಪಕ್ಕದಿಂದ ಹಿಡಿಸಿ ಎರಡು ಸೆಕೆಂಡ್ ಶಟರ್ ತೆರೆದಿಟ್ಟೆ. ಬೆಳಕು ಕಮ್ಮಿ ಇದ್ದದ್ದಕ್ಕೆ ಕಣ್ಣು ಅರಳಿಯೇ ಇತ್ತು, ಸುತ್ತಲಿನ ತರಗೆಲೆಗಳೂ ಕಂಡವು. ಹತ್ತರಲ್ಲಿ ಆರು ಫೋಟೊಗಳಲ್ಲಿ ತಲೆ ಸ್ಪಷ್ಟ, ಪಕ್ಕೆ ಮಾತ್ರ ಮಸುಕು. ಉಸಿರಾಡುತ್ತಿತ್ತು. ಅವನ್ನು ಅಳಿಸಲಿಲ್ಲ.