ಹಳೇ ದಾವಣಗೆರೆಯ ಗಾಳದ ಅಂಗಡಿ: ಯಜಮಾನರು ಹೋದ ಮೇಲೆ

ಹಳೇ ದಾವಣಗೆರೆಯಲ್ಲಿ ಗಾಳ, ನೈಲಾನ್ ದಾರ, ಕೋಲು ಮತ್ತು ರೀಲುಗಳನ್ನು ಮಾರುವ ಚಿಕ್ಕ ಅಂಗಡಿಯೊಂದಿದೆ. ಅದನ್ನು ಕಟ್ಟಿ ಬೆಳೆಸಿದ ನನ್ನ ಗೆಳೆಯರು ಈಚೆಗೆ ತೀರಿಕೊಂಡರು. ಅವರಿಲ್ಲದ ಅಂಗಡಿಗೆ ಇನ್ನು ಹೋಗುವುದೇ ಎಂದು ಮೀನು ಹಿಡಿಯುವ ಹವ್ಯಾಸದವರು ಕೇಳುತ್ತಿದ್ದಾರೆ. ಧಾರಾಳವಾಗಿ ಹೋಗಬಹುದು, ಏಕೆಂದರೆ ಅವರ ವ್ಯಾಪಾರದ ರೀತಿಯನ್ನು ಮಗಳು ಹಾಗೆಯೇ ಉಳಿಸಿಕೊಂಡಿದ್ದಾರೆ.

ಗಿರಾಕಿ ಯಾವ ಕೋಲು ಕೇಳಿದರೂ "ಯಾವ ಕೆರಿಗೆ ಹೊಂಟೀರಿ, ಅದನ್ನ ಮೊದ್ಲು ಹೇಳ್ರಿ" ಎಂಬುದೇ ನನ್ನ ಗೆಳೆಯರ ಮೊದಲ ಮಾತಾಗಿರುತ್ತಿತ್ತು. ಸೂಳೆಕೆರೆಯಂಥ ನಿಂತ ನೀರಿಗೆ ಒಂದು ಬಗೆಯ ಸಾಮಾನಾದರೆ ಹರಿಹರದ ತುಂಗಭದ್ರೆಯ ಹರಿವ ನೀರಿಗೆ ಇನ್ನೊಂದು ಬಗೆ. ಕಾಟ್ಲಾ ನೀರಿನ ಮೇಲ್ಮಟ್ಟದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ನೀರಿನ ಮೇಲೆ ತೇಲುವ ಬೆಂಡನ್ನು ಎಲ್ಲಿ ಕಟ್ಟಬೇಕು, ಸೀಸದ ಗುಂಡು ಎಷ್ಟು ಭಾರದ್ದಿರಬೇಕು ಎಂಬುದನ್ನು ಅಲ್ಲೇ ಕಟ್ಟಿ ತೋರಿಸುತ್ತಿದ್ದರು. ಗಂಟು ಬಿಗಿಯುವ ಮುನ್ನ ದಾರವನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ನಿಧಾನವಾಗಿ ಎಳೆದು, ಉಳಿದ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದರು. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಗಂಟಿನ ಬಳಿಯೇ ಸೊರಗುತ್ತದೆಂದು ಪ್ರತಿ ಗಿರಾಕಿಗೂ ಬೇಸರವಿಲ್ಲದೆ ಹೇಳುತ್ತಿದ್ದರು. ಬಿಸಿಲು ತಾಗಿದರೆ ದಾರದ ಬಲ ಕುಂದುತ್ತದೆಂದು ಉಂಡೆಗಳನ್ನು ಮುಂದೆ ತೂಗುಹಾಕದೆ ಮರದ ಕಪಾಟಿನೊಳಗೆ ಇಡುತ್ತಿದ್ದರು. ಇಂದಿಗೂ ಅವು ಅಲ್ಲಿಯೇ ಇವೆ.

ಅವರಷ್ಟು ಕೈಬಿಚ್ಚಿ ಕೊಡುವವರನ್ನು ಈ ಹವ್ಯಾಸದಲ್ಲಿ ನಾನು ಕಂಡಿಲ್ಲ. ಮೀನು ಚೆನ್ನಾಗಿ ಸಿಗುವ ಜಾಗವನ್ನು ಗಾಳದವರು ಸಾಮಾನ್ಯವಾಗಿ ಗುಟ್ಟಾಗಿಡುತ್ತಾರೆ. ಇವರು ಕಾಗದದ ಮೇಲೆ ಕೆರೆಯ ಏರಿ, ತೂಬು, ಹಳ್ಳ ಬಂದು ಸೇರುವ ಮೂಲೆ ಎಲ್ಲವನ್ನೂ ಗೀಚಿ ಕೊಡುತ್ತಿದ್ದರು. ಚಳ್ಳಕೆರೆಯಿಂದ ತರಿಸಿದ ಶೇಂಗಾ ಹಿಂಡಿಗೆ ಅಕ್ಕಿ ತೌಡು ಮತ್ತು ಬೆಲ್ಲ ಕಲಸಿ ಮಾಡುವ ಮೇವಿನ ಅಳತೆಯನ್ನು ಕೇಳಿದವರಿಗೆಲ್ಲ ಹೇಳಿಬಿಡುತ್ತಿದ್ದುದರಿಂದ ಆ ಮೇವಿನ ಮಾರಾಟವೇ ಕಡಿಮೆಯಾಯಿತು, ಆದರೂ ಅವರು ಹೇಳುವುದನ್ನು ನಿಲ್ಲಿಸಲಿಲ್ಲ. ಹಣವಿಲ್ಲದ ಹುಡುಗರ ಕೈಗೆ ಗಾಳ ಮತ್ತು ದಾರವನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ತಮ್ಮ ಸ್ವಂತ ಕೋಲನ್ನು ಎಷ್ಟೋ ಸಲ ನನಗೆ ಕೊಟ್ಟು, ತಾವು ದಡದಲ್ಲಿ ಮಂಡಕ್ಕಿ ತಿನ್ನುತ್ತಾ ನನ್ನ ಬೆಂಡನ್ನೇ ನೋಡುತ್ತಾ ಕುಳಿತಿರುತ್ತಿದ್ದರು.

ಕೊಡುಗೈಯವರಾದರೂ ಕೆಲವು ವಿಷಯಗಳಲ್ಲಿ ಅವರು ಬಹಳ ಬಿಗಿ. ಕೊರವ ಮೀನು ತನ್ನ ಮರಿಗಳ ಹಿಂಡನ್ನು ಕಾಯುತ್ತಿರುವಾಗ ಅದಕ್ಕೆ ಗಾಳ ಹಾಕುವವರಿಗೆ ಸಾಮಾನು ಕೊಡುತ್ತಿರಲಿಲ್ಲ, ಏಕೆಂದರೆ ತಾಯ್ತಂದೆ ಹೋದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುವುದರಿಂದ ಗುತ್ತಿಗೆದಾರರನ್ನು ಕೇಳಿಯೇ ಇಳಿಯಬೇಕೆಂದು ಹೇಳಿ ಕಳುಹಿಸುತ್ತಿದ್ದರು. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ, ಆ ಕೋಡಿ ನೀರಿನ ಬಳಿ ಗಾಳ ಹಾಕಲು ಹೊರಟವರಿಗೆ ಒಂದು ಕೊಕ್ಕೆಯನ್ನೂ ಮಾರಲಿಲ್ಲ.

ಈಗ ಅಂಗಡಿಯಲ್ಲಿ ಕೊರತೆಯೂ ಇದೆ. ರೀಲು ಬಿಚ್ಚಿ, ಹಲ್ಲುಚಕ್ರಗಳಿಗೆ ಸೇರಿದ ಮರಳು ತೊಳೆದು, ಗ್ರೀಸ್ ಹಚ್ಚಿ ಕೊಡುವ ಅವರ ಕೈಚಳಕ ಅವರೊಂದಿಗೇ ಹೋಯಿತು, ಆದ್ದರಿಂದ ರಿಪೇರಿಗೆಂದು ಸದ್ಯಕ್ಕೆ ಅಲ್ಲಿಗೆ ಹೋಗುವುದು ವ್ಯರ್ಥ. ದುಬಾರಿ ವಿದೇಶಿ ರೀಲುಗಳೂ ಸಿಗುವುದಿಲ್ಲ. ಗಾಳ, ದಾರ, ಬೆಂಡು ಮತ್ತು ಮೇವು ಮಾತ್ರ ಮೊದಲಿನಂತೆಯೇ ಒಳ್ಳೆಯವು, ಬೆಲೆಯೂ ನ್ಯಾಯವಾದದ್ದು. ಶನಿವಾರ ಸಂಜೆ ಗಿರಾಕಿಗಳ ನೂಕುನುಗ್ಗಲು ಇರುವುದರಿಂದ, ಹೊಸದಾಗಿ ಕಲಿಯುವವರು ವಾರದ ನಡುವೆ ಮಧ್ಯಾಹ್ನ ಹೋದರೆ ಮಗಳು ಸಾವಕಾಶವಾಗಿ ಗಂಟು ಹಾಕುವುದನ್ನು ಹೇಳಿಕೊಡುತ್ತಾರೆ.