ಗಾಣದೆಣ್ಣೆಗೆ ಯಾವ ಟಿವಿ ಆಗಿಬರುತ್ತೆ?

ಚಿತ್ರದುರ್ಗದಲ್ಲಿ ಕೂತು ಶೇಂಗಾ ಎಣ್ಣೆ ಮಾರೋದು ಅಷ್ಟು ಸಲೀಸಲ್ಲ. ಪಕ್ಕದ ಚಳ್ಳಕೆರೆ ಎಣ್ಣೆಗೇ ಹೆಸರಾದ ಊರು. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 2.5 ಕೆಜಿ ಬೀಜ ಬೇಕು. ರೇಟು ಕೇಳಿದವರು ‘ಯಾಕ್ರೀ ಇಷ್ಟೊಂದು?’ ಅಂತಲೇ ಮಾತು ಶುರು ಮಾಡ್ತಾರೆ. ಟಿವಿಯಲ್ಲಿ ಬಂದರೆ ಒಬ್ಬೊಬ್ಬರಿಗೂ ವಿವರಿಸೋದು ತಪ್ಪುತ್ತೆ ಅಂತ ಹೊರಟೆ.

ಕಡಿಮೆ ಖರ್ಚಿನದು ಲೋಕಲ್ ಕೇಬಲ್ ಸ್ಕ್ರೋಲ್, ಅಂದರೆ ಟಿವಿ ಪರದೆಯ ಕೆಳಗೆ ಓಡೋ ಜಾಹೀರಾತಿನ ಸಾಲು. ಅಂಗಡಿ ಹೆಸರು, ಜಾಗ, ನಂಬರ್, ಮುಗೀತು. ಹಬ್ಬದ ಹಿಂದಿನ ವಾರ ಹಾಕಿಸಿದರೆ ಊರೊಳಗಿನವರು ಸಂಜೆ ಕ್ಯಾನ್ ಹಿಡಿದೇ ಬರ್ತಾರೆ. ಡಿಶ್ ಹಾಕಿಸಿಕೊಂಡ ಮನೆಗಳಿಗೆ ಮಾತ್ರ ಇದು ಕಾಣೋದಿಲ್ಲ.

ನ್ಯೂಸ್ ಚಾನೆಲ್‌ನಲ್ಲಿ ಸುದ್ದಿಯಾಗಿ ಬಂದರೆ ದುಡ್ಡಿಲ್ಲ, ಆದರೆ ಸುದ್ದಿ ಬೇಕು. ‘ಎಣ್ಣೆ ಚೆನ್ನಾಗಿದೆ ಅನ್ನೋದು ಸುದ್ದಿ ಅಲ್ಲ ಅಣ್ಣ’ ಅಂದರು ಜಿಲ್ಲಾ ವರದಿಗಾರರು. ರೈತರು ತಮ್ಮ ಬೀಜ ತಂದು, ಕೂಲಿ ಕೊಟ್ಟು ಎಣ್ಣೆ ಮಾಡಿಸಿಕೊಂಡು, ಹಿಂಡಿಯನ್ನು ಎಮ್ಮೆಗೆ ಒಯ್ಯುತ್ತಾರೆ ಅಂದಾಗ ಕಿವಿ ನೆಟ್ಟಗಾಯಿತು. ಕ್ಯಾಮೆರಾದವರು ಒಳಗೆ ಬಂದವರೇ ‘ಎತ್ತು ಎಲ್ಲಿ ಸಾರ್?’ ಅಂದರು. ನಮ್ಮದು ಮೋಟಾರ್ ಗಾಣ. ‘ಎತ್ತಿಲ್ಲದಿದ್ರೆ ವಿಷುವಲ್ಸ್ ಸಪ್ಪೆ ಆಗ್ತವಲ್ಲ’ ಅಂತ ಗೊಣಗುತ್ತಾ ನೆಲಕ್ಕೆ ಕೂತು, ಗಾಣದ ಬಾಯಿಂದ ನೊರೆ ನೊರೆಯಾಗಿ ಇಳಿಯೋ ಎಣ್ಣೆಯನ್ನೇ ಹತ್ತಿರದಿಂದ ಹಿಡಿದರು. ಇಡೀ ಸುದ್ದಿಯಲ್ಲಿ ಚೆಂದ ಬಂದದ್ದು ಅದೊಂದೇ. ಬೆಳಗ್ಗೆ ಬರುತ್ತೆ ಅಂದದ್ದು, ರಾಜಕೀಯದ ಗಲಾಟೆಯಲ್ಲಿ ತಳ್ಳಿ ತಳ್ಳಿ, ಜನ ಊಟ ಮಾಡಿ ಮಲಗೋ ಹೊತ್ತಿಗೆ ಬಂತು. ನಂಬರ್ ಹಾಕಿರಲಿಲ್ಲ. ಆದರೂ ಆ ಕ್ಲಿಪ್ಪು ವಾಟ್ಸಾಪ್‌ನಲ್ಲಿ ಇವತ್ತಿಗೂ ದುಡೀತಿದೆ; ರೇಟು ಕೇಳಿದವರಿಗೆ ಮೊದಲು ಅದನ್ನೇ ಕಳಿಸ್ತೀನಿ.

ಇನ್ನೊಂದು ಚಾನೆಲ್‌ನ ಅರ್ಧ ಗಂಟೆ ಪ್ರಾಯೋಜಿತ ಕಾರ್ಯಕ್ರಮ ದುಬಾರಿಯದು. ಪ್ರಶ್ನೆ ನಾವೇ ಬರೆದುಕೊಡಬೇಕು, ನಿರೂಪಕಿ ಅದನ್ನೇ ಅಚ್ಚರಿಪಟ್ಟು ಕೇಳ್ತಾರೆ. ಜ್ಯೋತಿಷ್ಯದ ಬೆನ್ನಿಗೆ ಪ್ರಸಾರ. ನೋಡಿದ್ದು ನಮ್ಮ ಬೀಗರು.

ಚಂದನದ ಕೃಷಿ ಕಾರ್ಯಕ್ರಮದಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಬಾಟಲಿಯ ಲೇಬಲ್ ಕಾಣದ ಹಾಗೆ ತಿರುಗಿಸಿಡಿ ಅಂದಾಗಲೇ ಪ್ರಚಾರದ ಆಸೆ ಬಿಟ್ಟಿದ್ದೆ. ಬಿತ್ತನೆಯಿಂದ ಹಿಂಡಿಯವರೆಗೆ ನಿಧಾನಕ್ಕೆ ಮಾತಾಡಿಸಿದರು, ಮಧ್ಯೆ ಬಾಯಿ ಹಾಕಲಿಲ್ಲ. ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್ 2004ರಿಂದ ಇದೆ, ಹಳ್ಳಿ ಮನೆಗಳಲ್ಲಿ ಚಂದನ ನೋಡೋರು ಇನ್ನೂ ಇದ್ದಾರೆ. ಹಿರಿಯೂರು, ಮೊಳಕಾಲ್ಮೂರು ಕಡೆಯಿಂದ ಫೋನ್ ಬಂದವು. ಎಣ್ಣೆ ಕೇಳಿದವರು ಕಡಿಮೆ. ಗಾಣಕ್ಕೆ ಎಷ್ಟಾಗುತ್ತೆ, ನಮ್ಮ ಶೇಂಗಾ ತಗೋತೀರಾ ಅಂದವರೇ ಹೆಚ್ಚು. ಅವರಲ್ಲಿ ಕೆಲವರ ಹತ್ತಿರವೇ ಈಗ ನೇರವಾಗಿ ಬೀಜ ಕೊಳ್ತೀನಿ, ದಲ್ಲಾಳಿ ಕಮಿಷನ್ ಉಳೀತು.

ಹೊಸದಾಗಿ ಅಂಗಡಿ ಇಟ್ಟವರು ಮೊದಲು ಸ್ಕ್ರೋಲ್ ಹಾಕಿಸಿ, ಹೇಳೋಕೆ ಏನಾದರೂ ಇದ್ದಾಗ ವರದಿಗಾರರನ್ನ ಕರೀರಿ. ಪ್ರಾಯೋಜಿತದವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು, ದೀಪಾವಳಿ ಆಫರ್ ಅಂತೆ. ಆ ದುಡ್ಡಿಗೆ ಶೇಂಗಾ ಚೀಲ ಇಳಿಸಿಕೊಂಡೆ.